ಗೇಟು ತಾನಾಗೇ ಮುಚ್ಚಬೇಕು

ಸಿಡ್ನಿಯಲ್ಲಿ ನಾವು ಮನೆ ಕೊಂಡಾಗ ಕರಾರುಪತ್ರದ ಜೊತೆ ಒಂದು ಸರ್ಟಿಫಿಕೇಟು ಬಂತು. ಸರ್ಟಿಫಿಕೇಟು ಅಂದ್ರೆ ಎಲ್ಲ ಸರಿಯಿದೆ ಅಂತ ಅಲ್ವಾ? ಇದು ಉಲ್ಟಾ. ಹಿತ್ತಲಲ್ಲಿರುವ ಈಜುಕೊಳದ ಬೇಲಿ ಕಾನೂನಿನ ಪ್ರಕಾರ ಇಲ್ಲ ಅಂತ ಸಹಿ ಹಾಕಿ ಕೊಟ್ಟ ಕಾಗದ ಅದು. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 2016ರ ಏಪ್ರಿಲ್ ಕೊನೆಯಿಂದ ಈ ಪದ್ಧತಿ ಇದೆ. ಪೂಲ್ ಇರುವ ಮನೆ ಮಾರುವವರು ಪಾಸಾದ ಕಾಗದವನ್ನಾದರೂ ಕೊಡಬೇಕು, ಫೇಲಾದ ಕಾಗದವನ್ನಾದರೂ ಕೊಡಬೇಕು. ಫೇಲಾದದ್ದು ಕೊಟ್ಟರೆ ಜವಾಬ್ದಾರಿ ಕೊಂಡವರ ತಲೆಗೆ. ಮನೆ ಕೈಗೆ ಬಂದ 90 ದಿನದೊಳಗೆ ಸರಿಮಾಡಿಸಿ ಪಾಸು ಮಾಡಿಸಿಕೊಳ್ಳಬೇಕು.

ನಮಗೆ ಪೂಲ್ ಬೇಕೇ ಇರಲಿಲ್ಲ. ಸ್ಟೇಷನ್ನಿಗೆ ಹತ್ತಿರ, ಬೆಲೆ ಹೇಗೋ ಎಟುಕುತ್ತಿತ್ತು, ಅದಕ್ಕೆ ಆ ಮನೆ. ಪೂಲ್ ಜೊತೆಗೆ ಬಂತು.

ಅದು 80ರ ದಶಕದಲ್ಲಿ ಕಟ್ಟಿದ್ದು. ಇಲ್ಲಿಯ ಕಾನೂನಿನಲ್ಲಿ ಪೂಲ್ ಯಾವಾಗ ಕಟ್ಟಿದ್ದು ಅನ್ನೋದರ ಮೇಲೆ ನಿಯಮ ಬದಲಾಗುತ್ತದೆ. 1990ರ ಆಗಸ್ಟ್ 1ಕ್ಕೆ ಮುಂಚಿನ ಪೂಲುಗಳಿಗೆ ಒಂದು ರಿಯಾಯಿತಿ ಉಂಟು. ಮೂರು ಕಡೆ ಬೇಲಿ ಇದ್ದು, ನಾಲ್ಕನೇ ಕಡೆ ಮನೆಯ ಗೋಡೆಯೇ ಇದ್ದರೂ ನಡೆಯುತ್ತದೆ. ಆದರೆ ಆ ಗೋಡೆಯ ಬಾಗಿಲು ಕಿಟಕಿಗಳು ಮಕ್ಕಳ ಕೈಗೆ ತೆರೆಯದ ಹಾಗಿರಬೇಕು. ನಮ್ಮ ಮನೆಯದು ಅಡುಗೆಮನೆ ಪಕ್ಕದ ದೊಡ್ಡ ಗಾಜಿನ ಜಾರುಬಾಗಿಲು. ಒಂದು ಬೆರಳಲ್ಲಿ ತಳ್ಳಿದರೆ ಸಾಕು, ಎದುರಿಗೇ ನೀರು. ಸರ್ಟಿಫಿಕೇಟು ಫೇಲಾಗಿದ್ದಕ್ಕೆ ಮುಖ್ಯ ಕಾರಣ ಅದೇ.

ಬಾಗಿಲಿಗೆ ತಾನಾಗಿ ಮುಚ್ಚುವ ವ್ಯವಸ್ಥೆ, ಎತ್ತರದಲ್ಲಿ ಒಂದು ಚಿಲಕ ಹಾಕಿಸಿ ಪಾಸು ಮಾಡಿಸಿಕೊಳ್ಳಬಹುದಿತ್ತು. ಖರ್ಚೂ ಕಡಿಮೆ. ನಮಗೆ ಮನಸ್ಸು ಒಪ್ಪಲಿಲ್ಲ. ಮಗಳಿಗೆ ಆಗತಾನೇ ಎರಡು ತುಂಬಿತ್ತು. ಬಟ್ಟೆ ಒಣಹಾಕಲು, ಕಸ ಹಾಕಲು, ಗಾಳಿಗೆ ಅಂತ ದಿನಕ್ಕೆ ಎಷ್ಟು ಸಲ ಆ ಬಾಗಿಲು ತೆರೆಯುವುದಿಲ್ಲ? ಮೂರು ಕಡೆ ಬೇಲಿಗಿಂತ ನಾಲ್ಕೂ ಕಡೆ ಬೇಲಿ ಇರುವ ಪೂಲುಗಳಲ್ಲಿ ಮಕ್ಕಳು ಮುಳುಗುವುದು ಕಡಿಮೆ ಅಂತ ಅಧ್ಯಯನಗಳು ಹೇಳಿ ಎಷ್ಟೋ ವರ್ಷವಾಯ್ತು. ಹಾಗಿದ್ದೂ ಹಳೆಯ ಪೂಲುಗಳಿಗೆ ಯಾಕೆ ಈ ರಿಯಾಯಿತಿ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮಾಲೀಕರ ಖರ್ಚು ಉಳಿಸಲು ಅಂತಿಟ್ಟುಕೊಳ್ಳೋಣ. ಆದರೆ 1985ರ ಪೂಲಿಗೆ ಬೀಳುವ ಮಗು 1985ರಲ್ಲಿ ಹುಟ್ಟಿದ್ದಲ್ಲವಲ್ಲ!

ಒಬ್ಬ ಬೇಲಿಯವನನ್ನು ಹಿಡಿದು ಮನೆ ಕಡೆಗೂ ಅಲ್ಯೂಮಿನಿಯಂ ಬೇಲಿ, ಗೇಟು ಹಾಕಿಸಿದೆವು. ಅವನು ಎಲ್ಲ ಸ್ಟಾಂಡರ್ಡ್ ಪ್ರಕಾರ ಅಂದ, ದುಡ್ಡು ತೆಗೆದುಕೊಂಡ, ಹೋದ. ಅದೇ ಹೊತ್ತಿಗೆ ಹಿರಿಯೂರು ಕಡೆಯಿಂದ ಅಪ್ಪ ಅಮ್ಮ ಬಂದಿಳಿದರು.

ಅಪ್ಪ ಹಿತ್ತಲಿಗೆ ಹೋಗಿ ಬೇಲಿಯನ್ನು ಒಂದು ಸುತ್ತು ನೋಡಿದರು. "ಅಲ್ಲ ಕಣವ್ವ, ಮನೆ ತುಂಬ ಜನ ಇದೀವಿ. ಒಂದು ಕೂಸು ನೋಡ್ಕೊಳ್ಳೋಕೆ ಆಗಲ್ವಾ? ಇಷ್ಟು ದುಡ್ಡು ಸುರಿಯೋದಾ?" ಅಂದರು. ನಾನು ಸುಮ್ಮನಾದೆ. ಇನ್ಸ್‌ಪೆಕ್ಟರ್ ಬರುವುದು ಮುಂದಿನ ವಾರಕ್ಕಿತ್ತು.

ಬಂದವರು ಐವತ್ತು ದಾಟಿದ ಹೆಂಗಸು. ಪರವಾನಗಿ ಇರುವ ಖಾಸಗಿ ಪರಿಶೀಲಕಿ. ಇಂಥವರನ್ನು ಕರೆಸಬಹುದು, ಇಲ್ಲವೇ ಕೌನ್ಸಿಲ್‌ನವರನ್ನು, ಅಂದರೆ ಇಲ್ಲಿಯ ನಗರಸಭೆಯವರನ್ನು, ಕರೆಸಬಹುದು. ಕೈಯಲ್ಲಿ ಟೇಪು, ಒಂದು ಮಟ್ಟಗೋಲು, ಅಳತೆಯ ಒಂದು ಮರದ ತುಂಡು. ಚಹಾ ಬೇಡ ಅಂದರು, ನೇರ ಗೇಟಿಗೆ ಹೋದರು.

ಗೇಟನ್ನು ಪೂರ್ತಿ ತೆರೆದು ಬಿಟ್ಟರು. ಟಪ್ ಅಂತ ಮುಚ್ಚಿ ಚಿಲಕ ಬಿತ್ತು. ಅರ್ಧ ತೆರೆದು ಬಿಟ್ಟರು. ಅದೂ ಮುಚ್ಚಿತು. ಆಮೇಲೆ ಒಂದು ಗೇಣಿನಷ್ಟು ಮಾತ್ರ ತೆರೆದು ಮೆಲ್ಲಗೆ ಬಿಟ್ಟರು. ಗೇಟು ಬಂದು ಚಿಲಕಕ್ಕೆ ತಾಗಿ ಅಲ್ಲೇ ನಿಂತಿತು. ದೂರದಿಂದ ನೋಡಿದರೆ ಮುಚ್ಚಿದ ಹಾಗೇ ಕಾಣುತ್ತಿತ್ತು. ಅವರು ಕಿರುಬೆರಳಲ್ಲಿ ಎಳೆದರು, ತೆರೆದುಕೊಂಡಿತು.

"ಫೇಲ್," ಅಂದರು. ಬೈದ ಹಾಗೇನೂ ಇರಲಿಲ್ಲ, ಬಸ್ಸಿನ ನಂಬರ್ ಹೇಳಿದ ಹಾಗಿತ್ತು.

ಗೇಟು ಯಾವ ಸ್ಥಿತಿಯಿಂದ ಬಿಟ್ಟರೂ ಯಾರೂ ಮುಟ್ಟದೆ ಮುಚ್ಚಬೇಕು, ಚಿಲಕವೂ ತಾನಾಗೇ ಬೀಳಬೇಕು. ಗೇಟು ನೀರಿನ ಕಡೆಗೆ ತೆರೆಯಬಾರದು, ಹೊರಗಡೆಗೇ ತೆರೆಯಬೇಕು. ಹಾಗಿದ್ದರೆ ಹೊರಗಿನಿಂದ ಮಗು ಎಷ್ಟೇ ತಳ್ಳಿದರೂ ಗೇಟು ಇನ್ನಷ್ಟು ಬಿಗಿಯಾಗುತ್ತದೆ. ಚಿಲಕ ಬಿಡಿಸುವ ಗುಬುಟು ನೆಲದಿಂದ ಕನಿಷ್ಠ 1500 ಮಿಲಿಮೀಟರ್ ಎತ್ತರದಲ್ಲಿರಬೇಕು. ಬೇಲಿ ಕನಿಷ್ಠ 1200 ಮಿಲಿಮೀಟರ್ ಎತ್ತರ. ಆ ಎತ್ತರವನ್ನು ಅಳೆಯುವುದು ಹೊರಗಡೆಯ ನೆಲದಿಂದ, ಯಾಕೆಂದರೆ ಮಗು ನಿಲ್ಲುವುದು ಅಲ್ಲಿ. ಬೇಲಿ ಬುಡಕ್ಕೆ ಗೊಬ್ಬರ, ಮಣ್ಣು ಏರಿಸಿ ಹೂವಿನ ಪಾತಿ ಮಾಡಿದರೆ ಬೇಲಿ ಅಷ್ಟು ಗಿಡ್ಡವಾಯ್ತು ಅಂತಲೇ ಲೆಕ್ಕ. ಕಂಬಿಗಳ ನಡುವೆ, ಬೇಲಿಯ ಕೆಳಗೆ 100 ಮಿಲಿಮೀಟರ್‌ಗಿಂತ ಜಾಸ್ತಿ ಸಂದು ಇರಬಾರದು. ಆ ಮರದ ತುಂಡು ಅದಕ್ಕೇ ಇದ್ದದ್ದು. ಬೇಲಿಯುದ್ದಕ್ಕೂ ಅದನ್ನು ತೂರಿಸಿ ನೋಡುತ್ತಾ ಹೋದರು. ಎಲ್ಲೂ ತೂರಲಿಲ್ಲ. ನಾನು ಉಸಿರು ಬಿಟ್ಟೆ.

ಅಷ್ಟರಲ್ಲಿ ಅಮ್ಮನ ತುಳಸಿ ಅವರ ಕಣ್ಣಿಗೆ ಬಿತ್ತು.

ಅಮ್ಮ ಬಂದ ಎರಡನೇ ದಿನವೇ ಒಂದು ದೊಡ್ಡ ಕುಂಡ ತರಿಸಿ, ಕೆಳಗೊಂದು ಸಿಮೆಂಟ್ ಇಟ್ಟಿಗೆ ಇಟ್ಟು, ಬಿಸಿಲು ಬೀಳುವ ಜಾಗ ಅಂತ ಬೇಲಿ ಪಕ್ಕದಲ್ಲೇ ತುಳಸಿ ಕೂರಿಸಿದ್ದರು. ಜೊತೆಗೆ ಕರಿಬೇವಿನ ಕುಂಡ. ಬೇಲಿಯಿಂದ 900 ಮಿಲಿಮೀಟರ್ ಒಳಗೆ ಮಗು ಕಾಲಿಟ್ಟು ಹತ್ತಬಹುದಾದ ಏನೂ ಇರಬಾರದು. ಕುರ್ಚಿ, ಆಟದ ಸಾಮಾನು, ಬಾರ್ಬೆಕ್ಯೂ, ಮರದ ಕೊಂಬೆ, ಎಲ್ಲದಕ್ಕೂ ಇದೇ ಮಾತು. ಪರಿಶೀಲಕಿ ಟೇಪು ಹಿಡಿದು ಬೇಲಿಯ ತುದಿಯಿಂದ ಗಾಳಿಯಲ್ಲಿ ಒಂದು ಕಮಾನು ಬರೆದು ತೋರಿಸಿದರು. ಕುಂಡ ನಟ್ಟನಡುವೆ ಇತ್ತು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಇದು ಅರ್ಥವಾಯಿತು. "ದೇವರ ಗಿಡ ಅಂತ ಹೇಳೇ ಅವರಿಗೆ" ಅಂದರು. ಹೇಳಿದೆ. ಪರಿಶೀಲಕಿ ತಲೆಯಾಡಿಸಿ, ದೇವರು ಒಂದು ಮೀಟರ್ ಆಚೆ ಕೂತರೆ ತಮ್ಮ ಅಭ್ಯಂತರವಿಲ್ಲ ಅಂದರು. ಅಮ್ಮನೂ ನಕ್ಕುಬಿಟ್ಟರು.

ಇನ್ನೆರಡು ಇದ್ದವು. ಒಂದು, ಉಸಿರಾಟ ನಿಂತ ಮಗುವಿಗೆ ಎದೆ ಒತ್ತಿ ಉಸಿರು ಕೊಡುವುದು ಹೇಗೆ ಅಂತ ಚಿತ್ರ ಸಮೇತ ತೋರಿಸುವ ಫಲಕ. ಪೂಲ್ ಹತ್ತಿರ ಅದು ಇರಲೇಬೇಕು, ಮೂರು ಮೀಟರ್ ದೂರದಿಂದ ಓದುವ ಹಾಗಿರಬೇಕು. ಹಳೆಯ ಮಾಲೀಕರು ಬಿಟ್ಟುಹೋಗಿದ್ದ ಫಲಕ ಬಿಸಿಲಿಗೆ ಬೆಳ್ಳಗಾಗಿತ್ತು. ಇನ್ನೊಂದು, ಸ್ಪಾ. ಹಿತ್ತಲಿನ ಜಗಲಿ ಮೂಲೆಯಲ್ಲಿ, ಬೇಲಿಯ ಹೊರಗೆ, ಬಿಸಿನೀರಿನ ತೊಟ್ಟಿಯೊಂದನ್ನೂ ಬಿಟ್ಟುಹೋಗಿದ್ದರು. ಸ್ಪಾಗೆ ಬೇಲಿ ಇಲ್ಲದಿದ್ದರೆ, ಉಪಯೋಗಿಸದ ಹೊತ್ತಿನಲ್ಲಿ ಮಕ್ಕಳು ತೆರೆಯಲಾಗದ ಮುಚ್ಚಳ ಬಿಗಿದಿರಬೇಕು. ಮುಚ್ಚಳವೇನೋ ಇತ್ತು, ಪಟ್ಟಿಯ ಬೀಗಗಳು ಮುರಿದಿದ್ದವು.

ಸ್ಪಾ ಬಗ್ಗೆ ನನಗೆ ಮೊದಲಿಂದಲೂ ಭಯ. ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು 2002ರಲ್ಲಿ ಹೀಗೇ ತೀರಿಕೊಂಡಳು. ಸ್ಪಾದ ತಳದಲ್ಲಿ ನೀರು ಎಳೆಯುವ ಕಂಡಿಗೆ ಅವಳ ಮೈ ಕಚ್ಚಿಕೊಂಡಿತು. ಅವಳಿಗೆ ಈಜು ಬರುತ್ತಿತ್ತು. ಪಂಪಿನ ಸೆಳೆತ ಎಷ್ಟು ಜೋರಾಗಿತ್ತೆಂದರೆ ಅಮ್ಮ ಎಳೆದರೂ ಬರಲಿಲ್ಲ, ಇಬ್ಬರು ಗಂಡಸರು ಸೇರಿ ಬಿಡಿಸಬೇಕಾಯಿತು. ಆ ತಾಯಿ ಸುಮ್ಮನೆ ಕೂರಲಿಲ್ಲ. 2007ರಲ್ಲಿ ಅಮೆರಿಕದಲ್ಲಿ ಅವಳ ಹೆಸರಿನಲ್ಲೇ, ವರ್ಜೀನಿಯಾ ಗ್ರೇಮ್ ಬೇಕರ್ ಕಾಯ್ದೆ ಅಂತ ಬಂತು. ಕಚ್ಚಿಕೊಳ್ಳದಂಥ ಕಂಡಿ ಮುಚ್ಚಳಗಳು ಅಲ್ಲಿ ಕಡ್ಡಾಯವಾದದ್ದು ಅದರಿಂದ. ಇದನ್ನು ಓದಿದ ಮೇಲೆ ಸ್ಪಾ ಇಟ್ಟುಕೊಳ್ಳುವ ಆಸೆ ಯಾರಿಗಿರುತ್ತದೆ? ಬೀಗ ರಿಪೇರಿ ಮಾಡಿಸುವ ಗೋಜಿಗೇ ಹೋಗಲಿಲ್ಲ. ನೀರು ಬಸಿದು, ಬಿಟ್ಟಿ ಕೊಡ್ತೀವಿ ಅಂದೆವು, ಯಾರೋ ಟ್ರಕ್ಕಿನಲ್ಲಿ ಬಂದು ಒಯ್ದರು.

ಪರಿಶೀಲಕಿ ಅಂಗಳದಲ್ಲಿ ನಿಂತು ವರದಿ ಬರೆಯುತ್ತಿದ್ದಾಗ ಅಪ್ಪ ಬಂದು, ತಮ್ಮ ಅದೇ ಪ್ರಶ್ನೆಯನ್ನು ಕೇಳಲು ನನಗೆ ಹೇಳಿದರು. ದೊಡ್ಡವರು ನೋಡ್ಕೊಂಡರೆ ಸಾಲದಾ? ಅವರು ಬರೆಯುವುದನ್ನು ನಿಲ್ಲಿಸಿ, ಈಗ ನಿಮ್ಮ ಮೊಮ್ಮಗಳು ಎಲ್ಲಿದ್ದಾಳೆ ಅಂತ ಕೇಳಿದರು. ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮ ನನ್ನ ಕಡೆ. ನಾನು ನಮ್ಮವರ ಜೊತೆ ಇದ್ದಾಳೆ ಅಂದುಕೊಂಡಿದ್ದೆ. ಇವರು ಬೇಲಿಯಾಚೆಯಿಂದ "ಒಳಗೆ ನಿಮ್ಮಮ್ಮನ ಹತ್ರ ಇಲ್ವಾ?" ಅಂದರು. ಮಗಳು ಸೋಫಾ ಹಿಂದೆ ಕೂತು ಅಮ್ಮನ ಕನ್ನಡಕದ ಡಬ್ಬಿ ಬಿಚ್ಚುತ್ತಿದ್ದಳು. ಇದೆಲ್ಲ ಅರ್ಧ ನಿಮಿಷ ಇರಬಹುದು.

ಅಪ್ಪ ಆಮೇಲೆ ಆ ಪ್ರಶ್ನೆ ಎತ್ತಲಿಲ್ಲ.

ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನ ಮೇಲೆ ಬಂದರೆ ಉಸಿರಿಗೇ ಹೊತ್ತು ಸಾಲದು, ಇನ್ನು ಕೂಗುವುದೆಲ್ಲಿ? ಪಕ್ಕದ ಕೋಣೆಯಲ್ಲಿದ್ದವರಿಗೆ ಸದ್ದೇ ಕೇಳಿಸುವುದಿಲ್ಲ. ಜನ ಜಾಸ್ತಿ ಇದ್ದ ಮನೆಯಲ್ಲಿ ಕಣ್ಣು ಜಾಸ್ತಿ ಅಂತ ನಾವು ಲೆಕ್ಕ ಹಾಕುತ್ತೇವೆ. ಹಬ್ಬ, ನಾಮಕರಣ, ಬರ್ತ್‌ಡೇ ಅಂದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡ್ತಿದ್ದಾರೆ ಅಂದುಕೊಂಡಿರುತ್ತಾರೆ. ಸಂಸಾರ ಅಂದಮೇಲೆ ಅದು ತಪ್ಪಿದ್ದಲ್ಲ. ಈ ಬೇಲಿ ಕಾನೂನನ್ನು ಬರೆದವರಿಗೆ ಅದು ಗೊತ್ತಿತ್ತು ಅನ್ನಿಸುತ್ತದೆ.

ಪರಿಶೀಲಕಿ ಹೋದ ಮೇಲೆ ಅಪ್ಪ ಗೇಟಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಬೇಲಿಯವನಿಗೆ ಫೋನ್ ಮಾಡಿದರೆ ಎರಡು ವಾರ ಅಂದಿದ್ದ. "ಬಿಡು ಅವನ್ನ, ಸ್ಕ್ರೂಡ್ರೈವರ್ ಕೊಡು" ಅಂದರು. ಆ ಕೀಲುಗಳ ಒಳಗೆ ಸ್ಪ್ರಿಂಗ್ ಇರುತ್ತದೆ, ಮೇಲಿನ ತಿರುಪು ತಿರುಗಿಸಿದರೆ ಬಿಗಿ ಏರುತ್ತದೆ. ಅಪ್ಪ ಒಂದೊಂದೇ ಹಲ್ಲು ತಿರುಗಿಸುವುದು, ಬಿಡುವುದು, ನೋಡುವುದು. ಅಷ್ಟಾದರೂ ಗೇಣಿನ ಪರೀಕ್ಷೆಯಲ್ಲಿ ಫೇಲ್. ಕೊನೆಗೆ ಕಂಬಕ್ಕೇ ಕಣ್ಣು ಹಾಕಿದರು. ಮಳೆಗೆ ಮಣ್ಣು ಕುಸಿದು ಕಂಬ ಒಂದು ಕೂದಲಿನಷ್ಟು ವಾಲಿತ್ತು, ಚಿಲಕದ ನಾಲಿಗೆ ಗೂಡಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಗೂಡನ್ನು ಬಿಚ್ಚಿ ಸ್ವಲ್ಪ ಕೆಳಗಿಳಿಸಿ ಕೂರಿಸಿದರು. ಟಪ್. ಆಮೇಲೆ ಮಧ್ಯಾಹ್ನವೆಲ್ಲ ಹಿತ್ತಲಿಂದ ಟಪ್ ಟಪ್ ಅಂತ ಕೇಳಿಸುತ್ತಲೇ ಇತ್ತು.

ಎರಡನೇ ಪರಿಶೀಲನೆ ಚಿಕ್ಕದು. ಪಾಸಾಯಿತು. ಕಾಗದ ಮೂರು ವರ್ಷಕ್ಕೆ. ಮೂರು ವರ್ಷವಾದ ಮೇಲೆ ಮನೆ ಮಾರದಿದ್ದರೆ, ಬಾಡಿಗೆಗೆ ಕೊಡದಿದ್ದರೆ, ಯಾರಾದರೂ ಬಂದು ನೋಡುತ್ತಾರೆ ಅಂತ ಖಾತ್ರಿಯಿಲ್ಲ. ಮೆಲ್ಬರ್ನಿನಲ್ಲಿರುವ ಗೆಳತಿಗೆ ಹೇಳಿದರೆ, ವಿಕ್ಟೋರಿಯಾದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಮಾಡಿಸಲೇಬೇಕು ಅಂತಾಳೆ. ಅದೇ ವಾಸಿ. ಮಳೆ ತನ್ನ ಕೆಲಸ ಮಾಡುತ್ತದೆ, ಕಂಬ ವಾಲುತ್ತದೆ, ಸ್ಪ್ರಿಂಗ್ ಸಡಿಲವಾಗುತ್ತದೆ. ಇನ್ನೊಂದು ವಿಷಯ ಇಲ್ಲಿಗೆ ಹೊಸದಾಗಿ ಬಂದ ನಮ್ಮವರಿಗೆ ಗೊತ್ತೇ ಇರುವುದಿಲ್ಲ. ಬೇಸಿಗೆಯಲ್ಲಿ ಅಂಗಡಿಯಲ್ಲಿ ಸಿಗುವ ಗಾಳಿ ತುಂಬುವ ಪೂಲಿನಲ್ಲಿ 300 ಮಿಲಿಮೀಟರ್‌ಗಿಂತ ಜಾಸ್ತಿ ನೀರು ನಿಲ್ಲುವ ಹಾಗಿದ್ದರೆ, ಅದಕ್ಕೂ ಇದೇ ಬೇಲಿ ಬೇಕು.

ಅಪ್ಪ ವಾಪಸು ಹೋಗುವ ಮುಂಚೆ ಹಾರ್ಡ್‌ವೇರ್ ಅಂಗಡಿಗೆ ಕರೆದುಕೊಂಡು ಹೋಗು ಅಂದರು. ಎರಡು ಜೊತೆ ಸ್ಪ್ರಿಂಗ್ ಕೀಲು ಕೊಂಡರು. ನಮ್ಮ ತೋಟದಲ್ಲಿ ಕೃಷಿ ಹೊಂಡ ಇದೆ. 2014ರಲ್ಲಿ ಶುರುವಾದ ಕರ್ನಾಟಕ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ನಮ್ಮ ಕಡೆಯ ಒಣಭೂಮಿಯಲ್ಲಿ ಇಂಥ ಹೊಂಡಗಳು ಸಾಲುಸಾಲಾಗಿ ಎದ್ದವು. ನೀರು ಇಂಗದಿರಲಿ ಅಂತ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ನಾಲ್ಕೂ ಕಡೆ ಇಳಿಜಾರು, ಮೇಲೆ ಪಾಚಿ. ಜಾರಿ ಬಿದ್ದರೆ ಈಜು ಬರುವ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ಸುತ್ತ ತಂತಿ ಬೇಲಿ ಹಾಕಲು ಈಗ ಸರ್ಕಾರದ ಸಹಾಯಧನವೂ ಉಂಟು. ಅಪ್ಪ ಬೇಲಿಯನ್ನು ಮೊದಲೇ ಹಾಕಿಸಿದ್ದರು. ಆದರೆ ಅದರ ಗೇಟಿಗೆ ಇದ್ದದ್ದು ಒಂದು ಹಗ್ಗದ ಕುಣಿಕೆ. ಮೋಟಾರ್ ಹಾಕಲು ಹೋದವರು ಬರುವಾಗ ಕುಣಿಕೆ ಹಾಕಿದರೆ ಹಾಕಿದರು, ಇಲ್ಲದಿದ್ದರೆ ಇಲ್ಲ.

ಊರಿಗೆ ಹೋದ ಮೇಲೆ ವಾಟ್ಸಾಪಿನಲ್ಲಿ ವಿಡಿಯೋ ಬಂತು. ಕೀಲುಗಳು ಆ ಕಲ್ಲುಕಂಬಕ್ಕೆ ಕೂರಲೇ ಇಲ್ಲವಂತೆ. ಅಪ್ಪ ಹಳೇ ಬಾವಿಯ ರಾಟೆಯನ್ನು ಕಂಬಕ್ಕೆ ಕಟ್ಟಿ, ಗೇಟಿನಿಂದ ಹಗ್ಗ ಹಾಯಿಸಿ, ತುದಿಗೆ ಒಂದು ಗುಂಡುಕಲ್ಲು ಇಳಿಬಿಟ್ಟಿದ್ದರು. ಗೇಟು ತೆರೆದರೆ ಕಲ್ಲು ಮೇಲೇರುತ್ತದೆ, ಬಿಟ್ಟರೆ ಕಲ್ಲು ಇಳಿದು ಗೇಟನ್ನು ಎಳೆದುಕೊಳ್ಳುತ್ತದೆ. ವಿಡಿಯೋದಲ್ಲಿ ಪೂರ್ತಿ ತೆರೆದು ಬಿಟ್ಟರು, ಅರ್ಧ ತೆರೆದು ಬಿಟ್ಟರು, ಗೇಣು ತೆರೆದು ಬಿಟ್ಟರು. ಮೂರಕ್ಕೂ ಮುಚ್ಚಿತು.

ಚಿಲಕ ಮಾತ್ರ ಮೊಣಕಾಲೆತ್ತರದಲ್ಲಿತ್ತು. ಫೋನ್ ಮಾಡಿ ಹೇಳಿದೆ.

"ಗೊತ್ತು ಕಣವ್ವ. ವೆಲ್ಡಿಂಗ್‌ನವನು ಸೋಮವಾರ ಬರ್ತೀನಿ ಅಂದವ್ನೆ" ಅಂದರು.