ನಿಲ್ಸ್ರಿ ಅಂದಾಗ ನಿಲ್ಸಿದ್ರ ಸಾಕಿತ್ತು

ಸೋಮವಾರ ರಾಯಚೂರಿನಲ್ಲಿ ಹತ್ತಿಯಿಂದ ಬೀಜ ಬೇರ್ಪಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿಯ ಫಿಟ್ಟರ್ ಕೆಲಸ ಬಿಟ್ಟು, ತನ್ನ ಪಾನಾ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟ. ಗೇಟಿನ ಹೊರಗೆ ಹತ್ತಿ ಗಾಡಿಗಳು ಸಾಲುಗಟ್ಟಿದ್ದವು. 'ಆದೋನಿಯವ್ರು ಎಷ್ಟು ಕೊಡ್ತಾರ ಹೇಳು, ಅದರ ಮ್ಯಾಲ ಎರಡು ಸಾವಿರ ಹಾಕ್ತೀನಿ' ಅಂದರು ಸಾವ್ಕಾರರು. ಆತ ಅಂದದ್ದಿಷ್ಟು: 'ರೊಕ್ಕದ ಮಾತಲ್ರಿ ಸಾವ್ಕಾರ್ರೆ. ನಾ ನಿಲ್ಸ್ರಿ ಅಂದಾಗ ಮಷೀನ್ ನಿಲ್ಸಿದ್ರ ಸಾಕಿತ್ತು.'

ಆ ಮಾತು ಇನ್ನೂ ಕಿವಿಯಲ್ಲೇ ಇದೆ.

ಡಬಲ್ ರೋಲರ್ ಜಿನ್‌ನಲ್ಲಿ ಕ್ರೋಮ್ ಚರ್ಮದ ಎರಡು ರೋಲರ್ ಎದುರುಬದುರು ತಿರುಗುತ್ತವೆ. ಅವು ಅರಳೆಯನ್ನು, ಅಂದರೆ ಹತ್ತಿಯ ಎಳೆಯನ್ನು, ಎಳೆದುಕೊಳ್ಳುತ್ತವೆ, ಆಡುವ ನೈಫ್ ಬೀಜವನ್ನು ಬಡಿದು ಕೆಡವುತ್ತದೆ. ನೈಫ್‌ಗಳ ಹೊಂದಾಣಿಕೆ ತುಸು ತಪ್ಪಿದರೂ ಬೀಜದ ಜೊತೆ ಅರಳೆ ಹೋಗುತ್ತದೆ, ಇಲ್ಲವೇ ಬೀಜ ಒಡೆದು ಅರಳೆಗೆ ಕಲೆ ಹತ್ತುತ್ತದೆ. ರೋಲರ್ ಮೈಮೇಲಿನ ಗೀರು ಸವೆದರೆ ಚರ್ಮ ನುಣುಪಾಗಿ ಹಿಡಿತ ಬಿಡುತ್ತದೆ. ಗೊತ್ತಿಲ್ಲದವರು ಆಗ ಒತ್ತಡ ಹೆಚ್ಚಿಸುತ್ತಾರೆ. ರೋಲರ್ ಬಿಸಿಯಾಗುತ್ತದೆ. ಅರಳೆಯ ನಡುವೆ ಕಾದ ರೋಲರ್ ಅಂದರೆ ಏನೆಂದು ಒತ್ತಿ ಕಟ್ಟಿದ ಅರಳೆಯ ಬೇಲ್‌ನೊಳಗೇ ಹೊಗೆಯಾಡುವ ಕಿಡಿ ಕಂಡವರಿಗೆ ಗೊತ್ತು. ಆತ ನಿಲ್ಸ್ರಿ ಅಂದದ್ದು ಹೊಸ ಗೀರು ಹಾಕಲಿಕ್ಕೆ. ಸಾವ್ಕಾರರ ಮಗ 'ಗಾಡಿ ನಿಂತಾವ, ಸಂಜೀಕ ನೋಡೋಣು' ಅಂದ.

ಸಾವ್ಕಾರರು ಕೆಟ್ಟವರಲ್ಲ, ಪಗಾರ ತಡಮಾಡಿದವರಲ್ಲ. ಮಗನೂ ಲೆಕ್ಕದಲ್ಲಿ ಚುರುಕು, ಆದರೆ ಈ ಲೆಕ್ಕ ಮಾಡಲಿಲ್ಲ: ದಿನಕ್ಕೆ 500 ಕ್ವಿಂಟಲ್ ಹತ್ತಿ ಹಾಯುವಲ್ಲಿ ಕ್ವಿಂಟಲ್‌ಗೆ ಅರ್ಧ ಕಿಲೋ ಅರಳೆ ಬೀಜದೊಂದಿಗೆ ಹೋದರೆ 250 ಕಿಲೋ. 170 ಕಿಲೋದ ಬೇಲ್ ಸುಮಾರು ಒಂದೂವರೆ, ಪ್ರತಿ ದಿನ. ಎರಡು ಸಾವಿರದ ಆಸೆ ತೋರಿಸುವ ಬದಲು, ಮಷೀನ್ ನಿಲ್ಲಿಸುವ ಅಧಿಕಾರ ಫಿಟ್ಟರ್‌ನದು, ಅವನನ್ನು ಕೇಳದೆ ಯಾರೂ ಮತ್ತೆ ಚಾಲೂ ಮಾಡಬಾರದು ಎಂದು ಬರೆದು ಹಾಕಬೇಕಿತ್ತು. ಗೀರು ಹಾಕಿದ ಒಂದು ಜೊತೆ ರೋಲರ್ ಸದಾ ಸಿದ್ಧವಿದ್ದರೆ ನಿಲ್ಲಿಸುವ ಹೊತ್ತೂ ಉಳಿಯುತ್ತಿತ್ತು.

ಕೆಲಸಗಾರನನ್ನು ಹಿಡಿದಿಡಲು ಬಹಳ ಕಡೆ ಮುಂಗಡ ಕೊಡುತ್ತಾರೆ. ಮುಂಗಡ ತೀರುವವರೆಗೆ ಬಿಡುವುದಿಲ್ಲ ಎನ್ನುವುದು 1976ರ ಜೀತ ನಿಷೇಧ ಕಾಯ್ದೆಗೆ ವಿರುದ್ಧ. ಅದಿರಲಿ, ಕಟ್ಟಿಹಾಕಿದವನ ಕೈ ನೈಫ್ ಮೇಲೆ ಸೂಕ್ಷ್ಮವಾಗಿ ಓಡುವುದಿಲ್ಲ. ಸಾಲ ಸಾಲವಾಗಿಯೇ ಇರಲಿ, ಕಂತು ಬರೆದಿಡಲಿ. ಹತ್ತಿ ಬಾರದ ಬ್ಯಾಸಿಗಿಯಲ್ಲಿ ಅರ್ಧ ಪಗಾರ ಕೊಟ್ಟು ಮನೆಗೆ ಕಳಿಸುವುದು ಇನ್ನೊಂದು ತಪ್ಪು. ರೋಲರ್‌ಗೆ ಗೀರು, ನೈಫ್ ಸಾಣೆ, ಬೇರಿಂಗ್ ಬದಲಾವಣೆ, ಎಲ್ಲ ಆಗಲೇ ಆಗಬೇಕಾದ ಕೆಲಸ. ಜೂನ್‌ನಲ್ಲಿ ಮಕ್ಕಳ ಶಾಲೆ ಫೀ ಕಟ್ಟುವ ಹೊತ್ತಿಗೆ ಕೈ ಖಾಲಿಯಾದವನೇ ಬೇರೆ ಊರಿನ ಫೋನ್ ಎತ್ತುತ್ತಾನೆ.

ಕಲಿಸಿದರೆ ತನ್ನ ಬೆಲೆ ಇಳಿಯುತ್ತದೆಂದು ಎಷ್ಟೋ ಫಿಟ್ಟರ್‌ಗಳು ಹೆಲ್ಪರ್‌ಗೆ ಒತ್ತಡದ ಗುಟ್ಟು ಹೇಳುವುದಿಲ್ಲ. ಆ ಭಯ ಸುಳ್ಳೇನಲ್ಲ. ಹುಡುಗ ಒಬ್ಬನೇ ರೋಲರ್ ಕೂಡಿಸುವ ದಿನದಿಂದ ಕಲಿಸಿದವನಿಗೆ ತಿಂಗಳಿಗಿಷ್ಟು ಎಂದು ಹೆಚ್ಚು ಕೊಡಬೇಕು, ಹುಡುಗನನ್ನು ನಾಗಪುರದ ಸರ್ಕಾರಿ ಜಿನ್ನಿಂಗ್ ತರಬೇತಿ ಕೇಂದ್ರಕ್ಕೂ ಕಳಿಸಬೇಕು. ಇಲ್ಲಿ ಒಬ್ಬನ ತಲೆಯಲ್ಲೇ ಇಡೀ ಫ್ಯಾಕ್ಟರಿ ಇತ್ತು.

ಈಗ ಉಳಿದಿರುವುದು ಗ್ರ್ಯಾಚುಯಿಟಿ, ಕೆಲಸ ಬಿಟ್ಟವನಿಗೆ ದುಡಿದ ವರ್ಷಗಳ ಲೆಕ್ಕದಲ್ಲಿ ಕೊಡಬೇಕಾದ ಹಣ. ವರ್ಷವಿಡೀ ಹಾಜರಿಯಲ್ಲಿದ್ದವನು, ಒಂಬತ್ತು ವರ್ಷ, ಕೊನೆಯ ಪಗಾರ 26,000. ತಿಂಗಳ ಕೆಲಸದ ದಿನ 26 ಎಂದು ಭಾಗಿಸಿ, ವರ್ಷಕ್ಕೆ 15 ದಿನದ ಪಗಾರದಂತೆ ಗುಣಿಸಿದರೆ ವರ್ಷಕ್ಕೆ 15,000, ಒಟ್ಟು 1,35,000. ಮೂವತ್ತು ದಿನದೊಳಗೆ, ಅಲೆದಾಡಿಸದೆ ಕೊಡಲಿ. ಬೇಲ್ ಒತ್ತುವ ಪ್ರೆಸ್ ಆಪರೇಟರ್ ಇನ್ನೂ ಅಲ್ಲೇ ಇದ್ದಾನೆ, ಆ ಚೆಕ್ ಯಾವಾಗ ಹೋಗುತ್ತದೆಂದು ನೋಡುತ್ತಿದ್ದಾನೆ.