ಬೊಡ್ಡಜ್ಜನ ಅಪ್ಪ, ನಮ್ಮಜ್ಜನ ಹರಕೆ

ಮಧೂರು ದೇವಸ್ಥಾನದಲ್ಲಿ ಮೂಲದೇವರು ಮದನಂತೇಶ್ವರ, ಅಂದರೆ ಶಿವ. ಆದರೂ ಕಾಸರಗೋಡಿನ ನಮಗೆ ಮಧೂರು ಅಂದರೆ ಗಣಪತಿಯೇ, ಅಲ್ವಾ? ಮಾಣಿಯೊಬ್ಬ ಆಡುತ್ತಾ ಗೋಡೆಯಲ್ಲಿ ಬಿಡಿಸಿದ ಗಣಪ ದಿನದಿನಕ್ಕೆ ದಪ್ಪವಾದ ಕಥೆ ನಿಮಗೆಲ್ಲ ಗೊತ್ತು. ಆ ಮಾಣಿ ಕರೆದ ಹಾಗೆ ನಮಗೂ ಅವನು ಬೊಡ್ಡಜ್ಜ.

ನಮ್ಮಜ್ಜ ಹುಟ್ಟಿದಾಗ ಈ ಊರು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರಲ್ಲಿ ಕೇರಳವಾಯಿತು. ಅಜ್ಜ ಸೇರಿದ್ದು ಸೇನೆಯ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್. 1971ರ ಡಿಸೆಂಬರಿನಲ್ಲಿ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ಶಕರ್‌ಗಢದ ಕಡೆ, ಬಸಂತರ್ ನದಿಯ ಹತ್ತಿರ, ನಮ್ಮ ಟ್ಯಾಂಕುಗಳು ದಾಟಲು ಮೈನ್ ತೆಗೆದು ದಾರಿ ಮಾಡಿಕೊಟ್ಟವರಲ್ಲಿ ಅವರೂ ಒಬ್ಬರು. ಕತ್ತಲು, ಚಳಿ, ಮೇಲಿಂದ ಶೆಲ್. ಅಲ್ಲಿ ಬಾಯಿಗೆ ಬಂದದ್ದು "ಬೊಡ್ಡಜ್ಜಾ" ಎಂಬ ಒಂದೇ ಕೂಗು. ಬದುಕಿ ಬಂದರೆ ಪ್ರತಿ ವರ್ಷ ಅಪ್ಪ ಸೇವೆ, ಅಂದರೆ ಗಣಪತಿಗೆ ಅಪ್ಪ ಎಂಬ ಸಿಹಿತಿಂಡಿಯ ನೈವೇದ್ಯ, ಮಾಡಿಸುತ್ತೇನೆ ಎಂದು ಹರಕೆ ಹೊತ್ತರು.

ಯುದ್ಧದ ಸುದ್ದಿ ಮನೆಯಲ್ಲಿ ತೆಗೆಯುತ್ತಲೇ ಇರಲಿಲ್ಲ. ಮಧೂರಿನ ಅಂಗಳದಲ್ಲಿ ಅಂಗಿ ಬಿಚ್ಚಿ ಶಾಲು ಹೊದ್ದಾಗ ಮಾತ್ರ ಭುಜದ ಗಾಯದ ಕಲೆ ಕಾಣುತ್ತಿತ್ತು. ಆಗ ಕೇಳಿದರೆ ನಾಲ್ಕು ಮಾತು ಹೇಳುತ್ತಿದ್ದರು. "ಹೆದರಿಕೆ ಆಗಲಿಲ್ವಾ ಅಜ್ಜಾ?" ಎಂದರೆ, "ಆಯಿತು ಮಗಾ. ಹೆದರಿದ್ದಕ್ಕೇ ಕೈ ನಿಧಾನ ಹೋಯಿತು" ಎನ್ನುತ್ತಿದ್ದರು.

ನನಗೆ ಎಲ್ಲಕ್ಕಿಂತ ಜಾಸ್ತಿ ನೆನಪಿರುವುದು ಆ ಅಪ್ಪದ ಬಿಸಿ. ಬಾಳೆಲೆಯ ತುಂಡಿನಲ್ಲಿಟ್ಟು ನನ್ನ ಅಂಗೈಗೆ ಕೊಟ್ಟು, ಕೆಳಗೆ ತಮ್ಮ ಒರಟು ಕೈ ಹಿಡಿಯುತ್ತಿದ್ದರು. ಬೆಲ್ಲ, ಬಾಳೆಹಣ್ಣು, ತುಪ್ಪದ ಪರಿಮಳ. ಎಲೆ ಬಾಡಿ ಬೆರಳಿಗೆ ಅಂಟುತ್ತಿತ್ತು. ಸುಡುತ್ತದೆ ಎಂದರೆ "ಹಿಡಿ, ಪ್ರಸಾದ ಬಿಡಬಾರದು" ಎನ್ನುತ್ತಿದ್ದರು. ಇವತ್ತಿಗೂ ದೇವಸ್ಥಾನದ ಪಕ್ಕದ ಮಧುವಾಹಿನಿ ಹೊಳೆಯ ದಡದಲ್ಲಿ ನಿಂತು ಅಪ್ಪ ಮುರಿದರೆ, ಅಂಗೈಯ ಕೆಳಗೆ ಇನ್ನೊಂದು ಕೈ ಇದೆ ಅನ್ನಿಸುತ್ತದೆ.

ಈಗ ಜನ ಕಡಿಮೆಯಾಗಿಲ್ಲ. ಗಣಪತಿಯನ್ನು ಅಪ್ಪಗಳಿಂದ ಮುಚ್ಚುವ ಮೂಡಪ್ಪ ಸೇವೆಗೆ 2025ರಲ್ಲಿ ಎಷ್ಟು ಜನ ಸೇರಿದ್ದರು! ಅದಕ್ಕೂ ಹಿಂದೆ 1992ರಲ್ಲಿ ಆದದ್ದನ್ನು ಅಜ್ಜ ಹೇಳುತ್ತಲೇ ಇದ್ದರು. ಆದರೆ ಮಾಮೂಲಿ ದಿನ ಬಂದು ನೋಡಿ. ಅಪ್ಪ ಕಟ್ಟಿಸಿಕೊಂಡು, ಒಂದು ಫೋಟೋ ತೆಗೆದು, ಪೂಜೆಯ ಗಂಟೆ ಬೀಳುವ ಮೊದಲೇ ಕಾರು ಹತ್ತುತ್ತಾರೆ. ಮಂಗಳಾರತಿ ಆಗುವ ತನಕವಾದರೂ ಸುಮ್ನೆ ನಿಲ್ಲಬಾರದಾ? ಮಕ್ಕಳಿಗೆ ಬೊಡ್ಡಜ್ಜನ ಕಥೆ ಹೇಳಬಾರದಾ?

ಅಜ್ಜ ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ಸೇವೆಯ ಹಳೆಯ ರಸೀದಿಗಳು ಸಿಕ್ಕವು. ಒಂದರಲ್ಲೂ ನಮ್ಮ ಮನೆಯವರ ಹೆಸರಿಲ್ಲ, ಎಲ್ಲದರಲ್ಲೂ ಬೇರೆ ಯಾರದೋ ಎರಡು ಹೆಸರು. ಅಮ್ಮನನ್ನು ಕೇಳಿದೆ. ಅಂದು ಅಜ್ಜನ ಪಕ್ಕದಲ್ಲೇ ಇದ್ದು ವಾಪಸ್ ಬಾರದ ತಮಿಳು ಗೆಳೆಯನ ಮಕ್ಕಳ ಹೆಸರಂತೆ ಅವು. ಈ ಡಿಸೆಂಬರಿನಲ್ಲಿ ನಾನೇ ಹೋಗಿ ಅದೇ ಎರಡು ಹೆಸರು ಬರೆಸಿದೆ. ನಕ್ಷತ್ರ ಕೇಳಿದರು. ಹಳೆಯ ರಸೀದಿ ನೋಡಿ ಹೇಳಿದೆ.