ಆಳ ಕಡಿಮೆ ಇರುವ ನೀರಿಗೆ ಯಾವ ಕೀಲ್? ಮೊದಲು ಭರತ-ಇಳಿತ ನೋಡಿ

ಮೇರಿಲ್ಯಾಂಡ್‌ನಲ್ಲಿರುವ ನನ್ನ ತಮ್ಮ ಹಾಯಿದೋಣಿ ಕೊಳ್ಳಲು ಹೊರಟಿದ್ದಾನೆ. "ಅಕ್ಕ, ನಿನ್ನ ಹಾಗೆ ನಾನೂ ಟ್ವಿನ್ ಕೀಲ್ ದೋಣಿನೇ ತಗೊಳ್ಲಾ? ಇಲ್ಲೂ ನೀರು ಆಳ ಇಲ್ಲ" ಅಂತ ಕೇಳಿದ. ಬೇಡ ಅಂದೆ. (ಕೀಲ್ ಅಂದರೆ ದೋಣಿಯ ತಳದಿಂದ ನೀರೊಳಗೆ ಇಳಿದಿರುವ ಭಾರದ ಭಾಗ. ಟ್ವಿನ್ ಕೀಲ್ ಅಂದರೆ ಅಂಥವು ಎರಡು, ಅಕ್ಕಪಕ್ಕ.) ಯಾಕೆ ಬೇಡ ಅನ್ನೋದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಬೇರೆಯವರಿಗೂ ಉಪಯೋಗ ಆದೀತು.

ನನ್ನ ದೋಣಿ ಇರುವುದು ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ವೆಸ್ಟ್ ಮರ್ಸಿಯಲ್ಲಿ, ಬ್ಲ್ಯಾಕ್‌ವಾಟರ್ ನದಿಯ ಅಳಿವೆಯ ಬಾಯಲ್ಲಿ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಇಲ್ಲಿ ನೀರು 4 ಮೀಟರಿಗಿಂತ ಜಾಸ್ತಿ ಏರಿಳಿಯುತ್ತದೆ. ಗಂಗೊಳ್ಳಿ ಅಳಿವೆ ನೋಡಿ ಬೆಳೆದವಳಿಗೆ ಇದು ದೊಡ್ಡ ಸೋಜಿಗ. ಅಲ್ಲಿ ಇದರ ಅರ್ಧವೂ ಇಲ್ಲ. ಬೆಳಿಗ್ಗೆ ದೋಣಿ ತೇಲುತ್ತಿದ್ದ ಜಾಗ ಮಧ್ಯಾಹ್ನಕ್ಕೆ ಬರೀ ಕೆಸರು.

ಕೀಲ್‌ಗೆ ಎರಡು ಕೆಲಸ. ಗಾಳಿ ದೋಣಿಯನ್ನು ಅಡ್ಡಕ್ಕೆ ತಳ್ಳದಂತೆ ತಡೆಯಬೇಕು. ವಾಲಿದ ದೋಣಿಯನ್ನು ತನ್ನ ಭಾರದಿಂದ ಎತ್ತಿ ನಿಲ್ಲಿಸಬೇಕು. ಎರಡಕ್ಕೂ ಕೀಲ್ ಆಳ ಇದ್ದಷ್ಟು ಒಳ್ಳೆಯದು. ಹಾಗಾಗಿ ಫಿನ್ ಕೀಲ್ ದೋಣಿ, ಅಂದರೆ ನಡುವೆ ಒಂದೇ ಆಳವಾದ ಕೀಲ್ ಇರುವ ದೋಣಿ, ಗಾಳಿಗೆ ಎದುರಾಗಿ ಚೆನ್ನಾಗಿ ಸಾಗುತ್ತದೆ. ಆಳ ಕಡಿಮೆ ಮಾಡಿದರೆ ಅದರಲ್ಲಿ ಸ್ವಲ್ಪ ಬಿಟ್ಟುಕೊಡಲೇಬೇಕು. ಬಿಟ್ಟುಕೊಟ್ಟು ಏನು ಪಡೆಯುತ್ತೀರಿ ಅನ್ನೋದೇ ಪ್ರಶ್ನೆ.

ನನ್ನದು ವೆಸ್ಟರ್ಲಿ ಸೆಂಟಾರ್, 26 ಅಡಿಯ ಹಳೆಯ ದೋಣಿ. 1969ರಲ್ಲಿ ಬಂದ ಮಾದರಿ, ಎರಡು ಸಾವಿರಕ್ಕೂ ಹೆಚ್ಚು ತಯಾರಾದವು. ಅಡಿಯಲ್ಲಿ ಎರಡು ಕೀಲ್, ಮುಳುಗುವುದು 3 ಅಡಿ ಮಾತ್ರ. ನೀರು ಇಳಿದಾಗ ಎರಡು ಕಾಲ ಮೇಲೆ ನೆಟ್ಟಗೆ ನಿಲ್ಲುತ್ತದೆ. ಒಳಗೆ ಚಹಾ ಮಾಡಬಹುದು, ಮಲಗಬಹುದು. ನೀರು ಬತ್ತುವ ಮೂರಿಂಗ್ (ದೋಣಿ ಕಟ್ಟುವ ಜಾಗ) ಸಾಕಾಗುವುದರಿಂದ ಬಾಡಿಗೆಯೂ ಕಡಿಮೆ. ಗಾಳಿಗೆ ಎದುರು ಹೋಗುವಾಗ ಪಕ್ಕದ ಫಿನ್ ಕೀಲ್ ದೋಣಿಗಳು ಮುಂದೆ ಸಾಗಿಬಿಡುತ್ತವೆ, ನಿಜ. ನನಗೆ ಅದರ ಬೇಸರ ಇಲ್ಲ. ಅವರು ಬರಲಾಗದ ಕ್ರೀಕ್‌ಗಳ (ಅಳಿವೆಯ ಸಣ್ಣ ಕವಲುಗಳ) ಒಳಗೆಲ್ಲ ನಾನು ಹೋಗಿ ನಿಲ್ಲುತ್ತೇನೆ.

ಆದರೆ ಇದೇ ದೋಣಿ ನೆಲಕ್ಕೆ ತಾಗಿ ಸಿಕ್ಕಿಕೊಂಡರೆ? ಇದು ಹೆಚ್ಚಿನವರು ಗಮನಿಸದ ವಿಷಯ. ಫಿನ್ ಕೀಲ್ ದೋಣಿಯವರು ಎಲ್ಲರೂ ಒಂದೇ ಬದಿಗೆ ಹೋಗಿ ದೋಣಿಯನ್ನು ವಾಲಿಸುತ್ತಾರೆ. ಕೀಲ್ ಓರೆಯಾಗಿ ಮೇಲೆ ಬರುತ್ತದೆ, ದೋಣಿ ಬಿಡಿಸಿಕೊಳ್ಳುತ್ತದೆ. ಟ್ವಿನ್ ಕೀಲ್‌ನಲ್ಲಿ ಹಾಗೆ ಮಾಡಿದರೆ ಉಲ್ಟಾ. ಒಂದು ಬದಿಯ ಕೀಲ್ ಇನ್ನೂ ಕೆಳಗೆ ಹೋಗಿ ಕೆಸರಲ್ಲಿ ಹೂತುಕೊಳ್ಳುತ್ತದೆ. ಇಲ್ಲಿ ಅದು ದೊಡ್ಡ ಕಷ್ಟವಲ್ಲ, ಮುಂದಿನ ಭರತ ಬಂದು ಎತ್ತುತ್ತದೆ. ಒಂದೇ ಎಚ್ಚರಿಕೆ: ಹುಣ್ಣಿಮೆಯ ಭರತದ ತುತ್ತತುದಿಯಲ್ಲಿ ಸಿಕ್ಕಿಕೊಳ್ಳಬಾರದು. ಆಮೇಲೆ ದಿನದಿನಕ್ಕೂ ಭರತ ಸಣ್ಣದಾಗುತ್ತಾ ಹೋಗುತ್ತದೆ. ಎರಡು ವಾರ ಕಾಯಬೇಕಾಗಬಹುದು.

ಈಗ ತಮ್ಮನ ಚೆಸಪೀಕ್ ಕೊಲ್ಲಿಗೆ ಬನ್ನಿ. ಸರಾಸರಿ ಆಳ ಸುಮಾರು 21 ಅಡಿ ಅಷ್ಟೇ, ಕ್ರೀಕ್‌ಗಳಲ್ಲಿ ಇನ್ನೂ ಕಡಿಮೆ. ಆದರೆ ಅನಾಪೊಲಿಸ್ ಕಡೆ ಭರತ-ಇಳಿತದ ವ್ಯತ್ಯಾಸ ಒಂದಡಿಯ ಆಸುಪಾಸು. ಅಲ್ಲಿ ದೋಣಿಯನ್ನು ಕೆಸರಿನ ಮೇಲೆ ನಿಲ್ಲಿಸುವ ಪ್ರಸಂಗವೇ ಬರುವುದಿಲ್ಲ. ಎರಡು ಕಾಲಿನ ಲಾಭ ಪೂರ್ತಿ ಹೋಯಿತು. ಸಿಕ್ಕಿಕೊಂಡರೆ ಬಂದು ಎತ್ತುವ ಭರತವೂ ಇಲ್ಲ. ಚಳಿಗಾಲದಲ್ಲಿ ವಾಯವ್ಯದ ಗಾಳಿ ಜೋರಾಗಿ ಬೀಸಿದರೆ ಕೊಲ್ಲಿಯ ನೀರನ್ನೇ ಹೊರಗೆ ತಳ್ಳುತ್ತದೆ, ಮಟ್ಟ ಮತ್ತೂ ಇಳಿಯುತ್ತದೆ.

ಅಂಥ ನೀರಿಗೆ ಸೆಂಟರ್‌ಬೋರ್ಡ್ ಸರಿ. ಗಿಡ್ಡ ಕೀಲ್, ಅದರೊಳಗಿಂದ ಕೆಳಗಿಳಿಯುವ ಹಲಗೆ. ಹಲಗೆ ನೆಲ ಮುಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಮೇಲೆತ್ತಿ, ತಿರುಗಿ, ಬಂದ ದಾರಿಯಲ್ಲೇ ಹೊರಡಬಹುದು. ಆ ಕೊಲ್ಲಿಯಲ್ಲಿ ಸಿಂಪಿ ಹಿಡಿಯುತ್ತಿದ್ದವರಿಗೆ ಇದು ಹಳೆಯ ವಿದ್ಯೆ. ಅವರ ಸ್ಕಿಪ್‌ಜ್ಯಾಕ್ ದೋಣಿಗಳಿಗೂ ಇರುವುದು ಸೆಂಟರ್‌ಬೋರ್ಡೇ. 1985ರಲ್ಲಿ ಮೇರಿಲ್ಯಾಂಡ್ ಅದನ್ನು ತನ್ನ ರಾಜ್ಯದ ದೋಣಿ ಎಂದು ಘೋಷಿಸಿತು. ಇಲ್ಲಿ ನಮ್ಮ ಎಸೆಕ್ಸ್‌ನ ಮಾಲ್ಡನ್‌ನಲ್ಲಿ ನಿಂತಿರುವ ಥೇಮ್ಸ್ ಬಾರ್ಜ್‌ಗಳದ್ದು, ಅಂದರೆ ಹಳೆಯ ಸರಕಿನ ಹಾಯಿದೋಣಿಗಳದ್ದು, ಬೇರೆ ಉಪಾಯ. ಸಪಾಟು ತಳ, ಎರಡು ಬದಿಗೂ ನೇತುಹಾಕಿದ ದೊಡ್ಡ ಹಲಗೆಗಳು. ನೀರು ಬತ್ತಿದರೆ ಸುಮ್ನೆ ಕೂರುತ್ತವೆ. ಆಯಾ ಊರಿನ ನೀರಿಗೆ ತಕ್ಕ ತಳ, ಅಲ್ವಾ?

ವಿಂಗ್ ಕೀಲ್, ಅಂದರೆ ಬುಡದಲ್ಲಿ ಎರಡು ಬದಿಗೂ ರೆಕ್ಕೆ ಇರುವ ಗಿಡ್ಡ ಕೀಲ್, ಅದರ ಬಗ್ಗೆಯೂ ತಮ್ಮ ಕೇಳಿದ. 1983ರಲ್ಲಿ 'ಆಸ್ಟ್ರೇಲಿಯಾ 2' ದೋಣಿ ಅಮೆರಿಕಾಸ್ ಕಪ್ ಹಾಯಿದೋಣಿ ಪಂದ್ಯ ಗೆದ್ದ ಮೇಲೆ ಅದಕ್ಕೆ ಹೆಸರು ಬಂತು. ಕಡಿಮೆ ಆಳದಲ್ಲಿ ಒಳ್ಳೆಯ ಹಿಡಿತ ಕೊಡುತ್ತದೆ, ಸರಿ. ಆದರೆ ಮೆತ್ತನೆಯ ಕೆಸರಿಗೆ ಇಳಿದರೆ ಆ ರೆಕ್ಕೆಗಳು ಲಂಗರಿನ ಹಾಗೆ ಹಿಡಿದುಕೊಳ್ಳುತ್ತವೆ. ವಾಲಿಸಿದರೂ ಒಂದು ರೆಕ್ಕೆ ಇನ್ನೂ ಕೆಳಗೆ ಚುಚ್ಚುತ್ತದೆ. ಚೆಸಪೀಕ್‌ನ ತಳ ಬಹುಪಾಲು ಕೆಸರೇ. ನಾನಾದರೆ ತಗೊಳ್ಳಲ್ಲ.

ಸೆಂಟರ್‌ಬೋರ್ಡ್‌ಗೂ ಅದರದೇ ಕಾಟಗಳಿವೆ. ಹಲಗೆ ಕೂರುವ ಪೆಟ್ಟಿಗೆ ಎಷ್ಟೋ ದೋಣಿಗಳಲ್ಲಿ ಕ್ಯಾಬಿನ್ನಿನ ಜಾಗ ತಿನ್ನುತ್ತದೆ. ಸಣ್ಣ ಕಲ್ಲು ಸಿಕ್ಕಿದರೆ ಹಲಗೆ ಇಳಿಯದೆ ಕಚ್ಚಿಕೊಳ್ಳುತ್ತದೆ. ಎತ್ತುವ ವೈರ್ ಸವೆಯುತ್ತದೆ, ತಿರುಗುವ ಪಿನ್ ಸವೆಯುತ್ತದೆ. ಟ್ವಿನ್ ಕೀಲ್ ಕೊಳ್ಳುವವರು ಕೀಲ್ ಮತ್ತು ದೋಣಿ ಸೇರುವ ಜಾಗ ನೋಡಬೇಕು. ಹಳೆಯ ಸೆಂಟಾರ್‌ಗಳಲ್ಲಿ ಅದೇ ದುರ್ಬಲ ಜಾಗ. ನನ್ನದಕ್ಕೆ ಹಿಂದಿನ ಮಾಲೀಕರೇ ಒಳಗಿಂದ ಬಲ ಕೊಟ್ಟಿದ್ದರು, ಅದನ್ನು ನೋಡಿಯೇ ತೆಗೆದುಕೊಂಡೆ.

ಯಾರ್ಡಿನಲ್ಲಿ ಸ್ಟ್ಯಾಂಡ್ ಮೇಲೆ ಕೂತ ದೋಣಿಯ ಹಲಗೆಯನ್ನು ಪೂರ್ತಿ ಇಳಿಸಿ ನೋಡುವುದು ಕಷ್ಟ, ಕೆಳಗೆ ಜಾಗವೇ ಇರುವುದಿಲ್ಲ. ಸರ್ವೆ ದಿನ, ಅಂದರೆ ಕೊಳ್ಳುವ ಮುಂಚಿನ ತಪಾಸಣೆಯ ದಿನ, ದೋಣಿಯನ್ನು ಕ್ರೇನಿನ ಬೆಲ್ಟಿನಲ್ಲಿ ಎತ್ತಿ ಹಿಡಿದಿರುವಾಗಲೇ ಹಲಗೆ ಇಳಿಸಿ, ಪಿನ್ ಮತ್ತು ವೈರ್ ನೋಡಿಸು, ಕ್ರೇನಿನ ಖರ್ಚು ನೋಡಬೇಡ ಅಂತ ತಮ್ಮನಿಗೆ ಹೇಳಿದ್ದೇನೆ.